ಅಂಗಳ ಕಾಯೋ ಕ್ಯಾಮೆರಾ ಕಂಡವರ ಬಾಗಿಲು ಬಡಿದ ಕಥೆ

ಈ ಸಲ ದೀಪಾವಳಿಗೆ ಊರಿಗೆ ಹೋಗಿದ್ದೆ. ಬ್ಯಾಗು ಕೆಳಗಿಡುವ ಮೊದಲೇ ಅಪ್ಪನ ದೂರು ಶುರುವಾಯ್ತು. "ನೆಟ್ಟು ಸರಿ ಇಲ್ಲ ಮಾರಾಯ. ಭಾನುವಾರ ಪುಟ್ಟಿ ಮುಖ ನೋಡಣ ಅಂತ ಕೂತ್ರೆ ಅದು ಬರೀ ತಿರುಗ್ತಾ ಇರ್ತದೆ. ನೀ ಎಂತದೋ ಇಂಜಿನಿಯರ್ ಅಲ್ವಾ, ನೋಡು." ಪುಟ್ಟಿ ಅಂದ್ರೆ ಅಕ್ಕನ ಮಗಳು, ಮೈಸೂರಿನಲ್ಲಿ ಇರೋದು. ಊರಲ್ಲಿ ಟಿವಿ ಕೆಟ್ಟರೂ, ಪಂಪ್‌ಸೆಟ್ ಕೆಟ್ಟರೂ, ಸಾಫ್ಟ್‌ವೇರ್ ಇಂಜಿನಿಯರ್ ಅಂದ ಮೇಲೆ ನಾವೇ ನೋಡಬೇಕು. ಇದು ನಿಮಗೂ ಗೊತ್ತಿರೋದೇ :)

ಕಾಫಿ ಕುಡಿದು ರೌಟರ್ ಮುಂದೆ ಕೂತೆ. ಮನೆಯಲ್ಲಿ ಯಾರೂ ಮೊಬೈಲ್ ಹಿಡಿದಿಲ್ಲ, ಟಿವಿ ಆಫ್ ಇದೆ, ಆದರೂ ಅದರ ದೀಪ ಹುಚ್ಚು ಹಿಡಿದ ಹಾಗೆ ಮಿಣಮಿಣ ಅಂತಿದೆ. ರೌಟರಿನ ಒಳಗೆ ಹೋಗಿ ಯಾವ ಸಾಧನ ಯಾರ ಜೊತೆ ಮಾತಾಡ್ತಿದೆ ಅಂತ ಪಟ್ಟಿ ತೆಗೆದೆ. ಪುಟಗಟ್ಟಲೆ ಬಂತು. ಪ್ರಪಂಚದ ಯಾವ್ಯಾವುದೋ ವಿಳಾಸಗಳು, ಒಂದಕ್ಕೊಂದು ಸಂಬಂಧವೇ ಇಲ್ಲ. ಎಲ್ಲದಕ್ಕೂ ಸಾಮಾನ್ಯವಾಗಿದ್ದದ್ದು ಎರಡೇ ಸಂಗತಿ. ಎಲ್ಲವೂ ಹೋಗ್ತಿರೋದು 23 ಅನ್ನೋ ಪೋರ್ಟಿಗೆ. ಎಲ್ಲವೂ ಹೊರಡ್ತಿರೋದು ದೇವರ ಮನೆ ಪಕ್ಕದ ಗೂಡಿನಲ್ಲಿ ಕೂತಿರೋ ಕಪ್ಪು ಡಬ್ಬಿಯಿಂದ, ಅಂದರೆ ನಮ್ಮ ಸಿಸಿಟಿವಿಯ ಡಿವಿಆರ್‌ನಿಂದ.

ಡಬ್ಬಿಯ ತಂತಿ ಕಿತ್ತೆ. ನೆಟ್ಟು ಸರಿಯಾಯ್ತು. ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿ ಮತ್ತೆ ತಂತಿ ಚುಚ್ಚಿದೆ. ಸುಮ್ಮನಿತ್ತು. ಅಬ್ಬಾ ಅಂದುಕೊಂಡು ಹತ್ತು ನಿಮಿಷ ಅಮ್ಮನ ಜೊತೆ ಹರಟೆ ಹೊಡೆದು ವಾಪಸ್ ಬಂದು ನೋಡಿದರೆ ಮತ್ತೆ ಅದೇ ಪಟ್ಟಿ...

ಈ ಕ್ಯಾಮೆರಾ ಬಂದ ಕಥೆ ಸ್ವಲ್ಪ ಹೇಳಬೇಕು. ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಒಣಗಿಸಿಟ್ಟಿದ್ದ ಅಡಿಕೆ ರಾತ್ರೋರಾತ್ರಿ ಮಾಯವಾಯ್ತು. ಆಮೇಲೆ ನಮ್ಮ ಕೇರಿಯಲ್ಲಿ ಎಲ್ಲರ ಮನೆಗೂ ಕ್ಯಾಮೆರಾ ಬಂತು. ಹಾಕಿದ್ದು ಅಪ್ಪನ ಹಳೇ ಶಿಷ್ಯ, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರೋ ಹುಡುಗ. ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರ್. "ಬೆಂಗಳೂರಲ್ಲಿ ಕೂತು ಮೊಬೈಲಲ್ಲಿ ನೋಡೋ ಹಾಗೆ ಮಾಡಿಕೊಡು ಮಾರಾಯ" ಅಂತ ಅವನಿಗೆ ಫೋನಿನಲ್ಲಿ ಹೇಳಿದ್ದು ನಾನೇ. ಅವನು ಪಾಪ, ಯಾರದೋ ವಿಡಿಯೋ ನೋಡಿ ರೌಟರಿನಲ್ಲಿ ಡಿವಿಆರ್‌ಗೆ ಹೊರಗಿನಿಂದ ನೇರ ದಾರಿ ತೆರೆದಿಟ್ಟಿದ್ದ. ಒಂದು ಕಿಟಕಿ ಕೇಳಿದರೆ ಇಡೀ ಗೋಡೆಯನ್ನೇ ತೆಗೆದುಕೊಟ್ಟ ಹಾಗೆ. ಆ ದಾರಿಯಲ್ಲಿ ನಾನು ಬೆಂಗಳೂರಿನಿಂದ ಒಳಗೆ ಬರ್ತಿದ್ದೆ. ನನ್ನ ಹಿಂದೆಯೇ ಇನ್ಯಾರೋ ಬಂದಿದ್ದರು.

ಅಪ್ಪನಿಗೆ ಹೇಗೆ ಹೇಳೋದು? ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ ಮೇಷ್ಟ್ರು. ಸುಮ್ಮನೆ "ವೈರಸ್ ಅಪ್ಪ" ಅಂದರೆ ಬಿಡೋ ಜನ ಅಲ್ಲ. ಕೂರಿಸಿಕೊಂಡು ಹೇಳಿದೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ.

ಬಾಟ್‌ನೆಟ್ ಅಂದರೆ ಪರಕಾಯ ಪ್ರವೇಶ. ಯಾರೋ ಒಬ್ಬ ನಮ್ಮ ಮನೆಯ ರೌಟರ್, ಕ್ಯಾಮೆರಾ, ಟಿವಿ ಡಬ್ಬಿ ಯಾವುದರೊಳಗೋ ಹೊಕ್ಕು ಕೂರ್ತಾನೆ. ಸಾಧನ ತನ್ನ ಕೆಲಸ ತಾನು ಮಾಡ್ತಾನೇ ಇರುತ್ತದೆ. ಕ್ಯಾಮೆರಾ ಚಿತ್ರ ತೆಗೀತದೆ, ರೌಟರ್ ನೆಟ್ಟು ಕೊಡ್ತದೆ. ನಮಗೆ ಅನುಮಾನವೇ ಬರೋದಿಲ್ಲ. ಹೀಗೆ ಹೊಕ್ಕ ಸಾವಿರಾರು, ಲಕ್ಷಾಂತರ ಸಾಧನಗಳಿಗೆ ಎಲ್ಲೋ ಕೂತ ಒಂದು ಸರ್ವರಿನಿಂದ ಒಂದೇ ಅಪ್ಪಣೆ: "ಇಂಥ ವಿಳಾಸದ ಮೇಲೆ ಬೀಳಿ." ಎಲ್ಲವೂ ಒಟ್ಟಿಗೆ ಬೀಳ್ತವೆ. ಇದಕ್ಕೆ ಡಿಡಾಸ್ ದಾಳಿ ಅಂತಾರೆ.

ಮದುವೆ ಮನೆ ನೆನೆಸಿಕೊಳ್ಳಿ. ಐನೂರು ಜನಕ್ಕೆ ಅಡಿಗೆ ಆಗಿದೆ. ಮೊದಲ ಪಂಕ್ತಿಗೇ ಕರೆಯದ ಐದು ಸಾವಿರ ಜನ ಬಂದು ಎಲೆ ಹಾಕಿಸಿಕೊಂಡು ಕೂತರು. ಉಣ್ಣೋದೂ ಇಲ್ಲ, ಏಳೋದೂ ಇಲ್ಲ. ನಿಜವಾದ ನೆಂಟರು ಬಾಗಿಲಲ್ಲಿ ನಿಂತು ನಿಂತು ವಾಪಸ್ ಹೋದರು. ಯಾರೂ ಪಾತ್ರೆ ಒಡೆದಿಲ್ಲ, ಯಾರೂ ಏನೂ ಕದ್ದಿಲ್ಲ. ಆದರೂ ಮದುವೆ ಮನೆ ಮಾನ ಹೋಯ್ತು. ಅಷ್ಟೇ ಡಿಡಾಸ್.

"ಒಳಗೆ ಹೊಗೋದು ಹೆಂಗೆ? ಬೀಗ ಇರಲ್ವಾ?" ಅಂದರು ಅಪ್ಪ. ಸರಿಯಾದ ಪ್ರಶ್ನೆ. ಇದಕ್ಕೆ ಮಿರಾಯ್ ಕಥೆ ಹೇಳಬೇಕು.

2016ರಲ್ಲಿ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಆ ವರ್ಷ ಆಗಸ್ಟಿನಲ್ಲಿ ಮಿರಾಯ್ ಅನ್ನೋ ಕೆಟ್ಟ ತಂತ್ರಾಂಶ ಬೆಳಕಿಗೆ ಬಂತು. ಮಿರಾಯ್ ಅಂದರೆ ಜಪಾನಿ ಭಾಷೆಯಲ್ಲಿ ಭವಿಷ್ಯ. ಹೆಸರು ಬಂದದ್ದು ಒಂದು ಜಪಾನಿ ಕಾರ್ಟೂನ್ ಧಾರಾವಾಹಿಯಿಂದ. ಅದು ಕೆಲಸ ಮಾಡುತ್ತಿದ್ದ ರೀತಿ ನೋಡಿದರೆ ನಗು ಬರುತ್ತೆ, ಅಷ್ಟು ಸರಳ. ಕಣ್ಣುಮುಚ್ಚಿ ಒಂದು ಅಂತರ್ಜಾಲ ವಿಳಾಸ ಆರಿಸು. ಅಲ್ಲಿ ಟೆಲ್ನೆಟ್ ಬಾಗಿಲು, ಅಂದರೆ 23 ಅಥವಾ 2323ನೇ ಪೋರ್ಟು, ತೆರೆದಿದೆಯಾ ನೋಡು. ತೆರೆದಿದ್ದರೆ ಕಾರ್ಖಾನೆಯಿಂದಲೇ ಬರುವ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸು. ಅಡ್ಮಿನ್-ಅಡ್ಮಿನ್, ರೂಟ್-ರೂಟ್, ರೂಟ್-12345, ಸಪೋರ್ಟ್-ಸಪೋರ್ಟ್... ಅದರ ಹೊಟ್ಟೆಯಲ್ಲಿದ್ದದ್ದು ಇಂಥ 60 ಚಿಲ್ಲರೆ ಜೋಡಿ, ಅಷ್ಟೇ. ಯಾವುದಾದರೂ ಒಂದು ಹೊಂದಿದರೆ ಆ ವಿಷಯವನ್ನು ಒಡೆಯನಿಗೆ ತಿಳಿಸು. ಅಲ್ಲಿಂದ ಇನ್ನೊಂದು ಸರ್ವರ್ ಬಂದು, ಆ ಸಾಧನದ ಪ್ರೊಸೆಸರ್ ಯಾವುದು ಅಂತ ನೋಡಿ, ಅದಕ್ಕೆ ಒಗ್ಗುವ ಪ್ರೋಗ್ರಾಂ ಇಳಿಸಿ ಓಡಿಸುತ್ತದೆ.

ಒಳಗೆ ಬಂದ ಮೇಲೆ ಮಿರಾಯ್ ತನ್ನ ಫೈಲನ್ನು ತಾನೇ ಅಳಿಸಿಹಾಕಿ ಬರೀ ಮೆಮೊರಿಯಲ್ಲಿ ಉಳಿಯುತ್ತದೆ. ತನಗಿಂತ ಮೊದಲು ಬಂದು ಕೂತ ಬೇರೆ ಕಳ್ಳ ಇದ್ದರೆ ಅವನನ್ನು ಓಡಿಸುತ್ತದೆ. ಇನ್ಯಾರೂ ಬರದ ಹಾಗೆ ಟೆಲ್ನೆಟ್ ಬಾಗಿಲು ಹಾಕುತ್ತದೆ. ಆಮೇಲೆ ತಾನೂ ಬೇರೆ ಬಾಗಿಲು ಹುಡುಕೋಕೆ ಶುರು ಮಾಡುತ್ತದೆ. ಮೆಮೊರಿಯಲ್ಲಿ ಮಾತ್ರ ಇರೋದರಿಂದ ಸಾಧನವನ್ನು ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತದೆ. ಆದರೆ ಬೀಗ ಅದೇ, ಬೀಗದ ಕೈ ಅದೇ, ಹೊರಗೆ ಹುಡುಕುತ್ತಿರುವ ಬಾಟ್‌ಗಳು ಲಕ್ಷಗಟ್ಟಲೆ. ಕೆಲವೇ ನಿಮಿಷಗಳಲ್ಲಿ ಮತ್ತೆ ಹತ್ತಿಕೊಳ್ಳುತ್ತದೆ. ನಮ್ಮ ಡಿವಿಆರ್‌ನಲ್ಲಿ ಕಂಡದ್ದು ಇದೇ ಲಕ್ಷಣ. ಮಿರಾಯ್‌ನ ಮಗನೋ ಮೊಮ್ಮಗನೋ ಇರಬೇಕು.

ಸಂಶೋಧಕರು ಆಮೇಲೆ ಕೂತು ಲೆಕ್ಕ ಹಾಕಿದರು. ಮೊದಲ 20 ಗಂಟೆಯಲ್ಲೇ ಸುಮಾರು 65,000 ಸಾಧನಗಳು. ಉತ್ತುಂಗದಲ್ಲಿ 6 ಲಕ್ಷ. ಹೆಚ್ಚಿನವು ಕ್ಯಾಮೆರಾ, ಡಿವಿಆರ್, ರೌಟರ್‌ಗಳು. ಬ್ರೆಜಿಲ್, ಕೊಲಂಬಿಯಾ, ವಿಯೆಟ್ನಾಂ ಮನೆಗಳಲ್ಲಿ ತುಂಬ ಇದ್ದವು. ಹಗಲೂ ರಾತ್ರಿ ಆನ್ ಇರುವ, ಪರದೆ ಇಲ್ಲದ, ಆಂಟಿವೈರಸ್ ಇಲ್ಲದ, ಗೋಡೆಗೆ ಹೊಡೆದ ಮೇಲೆ ಯಾರೂ ತಿರುಗಿ ನೋಡದ ಸಾಧನಗಳು. ಕಳ್ಳನಿಗೆ ಇನ್ನೇನು ಬೇಕು?

2016ರ ಸೆಪ್ಟೆಂಬರ್ 20ರಂದು ಇವೆಲ್ಲ ಸೇರಿ ಬ್ರಿಯಾನ್ ಕ್ರೆಬ್ಸ್ ಅನ್ನೋ ಅಮೆರಿಕದ ಪತ್ರಕರ್ತನ ಜಾಲತಾಣದ ಮೇಲೆ ಬಿದ್ದವು. ಸೈಬರ್ ಕಳ್ಳರ ಬಗ್ಗೆ ಬರೆಯೋದೇ ಆತನ ಕಸುಬು. ಸೆಕೆಂಡಿಗೆ ಸುಮಾರು 620 ಗಿಗಾಬಿಟ್ ದಾಳಿ. ಅಲ್ಲಿಯವರೆಗೆ ಆತನಿಗೆ ಬಿಟ್ಟಿಯಾಗಿ ರಕ್ಷಣೆ ಕೊಡುತ್ತಿದ್ದ ಅಕಮಾಯ್ ಕಂಪನಿ, ಇದನ್ನು ಹೀಗೇ ತಡೆಯುತ್ತ ಹೋದರೆ ಬೇರೆ ಗ್ರಾಹಕರಿಗೆ ತೊಂದರೆ ಅಂತ ಕೈಬಿಟ್ಟಿತು. ಕೊನೆಗೆ ಗೂಗಲ್ ತನ್ನ ಪ್ರಾಜೆಕ್ಟ್ ಶೀಲ್ಡ್ ಕೆಳಗೆ ಆಶ್ರಯ ಕೊಟ್ಟಿತು. ನನಗೆ ಇಡೀ ಮಿರಾಯ್ ಕಥೆಯಲ್ಲಿ ಹೆಚ್ಚು ಭಯ ಹುಟ್ಟಿಸೋದು ಈ ಭಾಗವೇ. ಒಬ್ಬ ಪತ್ರಕರ್ತನ ಬಾಯಿ ಮುಚ್ಚಿಸೋಕೆ ಸರ್ಕಾರ ಬೇಕಿಲ್ಲ, ಗೂಂಡಾಗಳು ಬೇಕಿಲ್ಲ. ನಮ್ಮ ನಿಮ್ಮ ಮನೆಯ ಕ್ಯಾಮೆರಾ ಸಾಕು.

ಸೆಪ್ಟೆಂಬರ್ ಕೊನೆಗೆ ಮಿರಾಯ್‌ನ ಪೂರ್ತಿ ಸೋರ್ಸ್ ಕೋಡನ್ನು ಬರೆದವರೇ ಬಯಲಿಗೆ ಬಿಟ್ಟರು. ಪೊಲೀಸರು ಹತ್ತಿರ ಬಂದಾಗ ಕೋಡ್ ಎಲ್ಲರ ಹತ್ತಿರವೂ ಇದ್ದರೆ "ನನ್ನದೇ ಅಂತ ಹೇಗೆ ಹೇಳ್ತೀರಿ" ಅನ್ನಬಹುದಲ್ಲ. ಆಮೇಲೆ ಕೇಳಬೇಕೆ... ಅಕ್ಟೋಬರ್ 21ರಂದು ಡೈನ್ ಅನ್ನೋ ಡಿಎನ್ಎಸ್ ಕಂಪನಿಯ ಮೇಲೆ ದಾಳಿ ಆಗಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್, ಗಿಟ್‌ಹಬ್ ಎಲ್ಲ ಅಮೆರಿಕದ ದೊಡ್ಡ ಭಾಗಕ್ಕೆ ಗಂಟೆಗಟ್ಟಲೆ ಸಿಗಲಿಲ್ಲ. ನವೆಂಬರಿನಲ್ಲಿ ಜರ್ಮನಿಯ ಡಾಯ್ಚೆ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ರೌಟರ್‌ಗಳು ಮಲಗಿದವು.

ಬರೆದವರು ಯಾರು ಗೊತ್ತಾ? ದೊಡ್ಡ ಮಾಫಿಯಾ, ಶತ್ರು ದೇಶದ ಗೂಢಚಾರರು ಅಂತೆಲ್ಲ ಆಗ ಊಹೆ ನಡೆದಿತ್ತು. ಕೊನೆಗೆ ನೋಡಿದರೆ ಪಾರಸ್ ಝಾ, ಜೊಸಾಯಾ ವೈಟ್, ಡಾಲ್ಟನ್ ನಾರ್ಮನ್ ಅನ್ನೋ ಮೂವರು ಅಮೆರಿಕದ ಹುಡುಗರು. 2017ರ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡಾಗ ಅವರ ವಯಸ್ಸು 20, 21. ಬೇರು ಇದ್ದದ್ದು ಮೈನ್‌ಕ್ರಾಫ್ಟ್ ಆಟದಲ್ಲಿ! ಆ ಆಟದ ಸರ್ವರ್ ನಡೆಸೋದು ಒಳ್ಳೇ ದುಡ್ಡಿನ ವ್ಯಾಪಾರ. ಎದುರಾಳಿಯ ಸರ್ವರ್ ಬೀಳಿಸಿದರೆ ಆಟಗಾರರು ನಮ್ಮ ಕಡೆ ಬರ್ತಾರೆ. ಇವರಲ್ಲಿ ಇಬ್ಬರು ಡಿಡಾಸ್ ದಾಳಿಯಿಂದ ರಕ್ಷಣೆ ಮಾರುವ ಪುಟ್ಟ ಕಂಪನಿಯನ್ನೂ ಇಟ್ಟುಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಪಾರಸ್ ಝಾ ತಾನು ಓದುತ್ತಿದ್ದ ರಟ್ಗರ್ಸ್ ವಿಶ್ವವಿದ್ಯಾಲಯದ ಜಾಲವನ್ನೂ ಹಲವು ಸಲ ಬೀಳಿಸಿದ್ದ.

ಇದನ್ನು ಓದಿದಾಗ ನನಗೆ ನಮ್ಮ ಹಾಸ್ಟೆಲ್ ನೆನಪಾಯ್ತು. ವೈಫೈ ಪೂರ್ತಿ ತನಗೇ ಸಿಗಲಿ ಅಂತ ಪಕ್ಕದ ರೂಮಿನವರ ಸಂಪರ್ಕ ಕತ್ತರಿಸೋ ಟೂಲ್ ಹಾಕಿಕೊಂಡವರು ನಮ್ಮಲ್ಲೂ ಇದ್ದರು. ಅದು ನಮಗೆ ತಮಾಷೆ. ಆ ಮೂವರು ನನಗಿಂತ ಒಂದು ವರ್ಷಕ್ಕೆ ದೊಡ್ಡವರು ಅಷ್ಟೇ. ಅವರಿಗೆ 2018ರಲ್ಲಿ ಅಲಾಸ್ಕಾದ ನ್ಯಾಯಾಲಯ ಜೈಲು ಕೊಡಲಿಲ್ಲ. 5 ವರ್ಷ ಪ್ರೊಬೇಷನ್, 2,500 ಗಂಟೆ ಸಮುದಾಯ ಸೇವೆ, 1,27,000 ಡಾಲರ್ ಪರಿಹಾರ. ಎಫ್‌ಬಿಐಗೆ ಬೇರೆ ಕಳ್ಳರನ್ನು ಹಿಡಿಯೋಕೆ ಸಹಾಯ ಮಾಡಿದ್ದಕ್ಕೆ ಈ ರಿಯಾಯಿತಿ. ರಟ್ಗರ್ಸ್ ಪ್ರಕರಣದಲ್ಲಿ ಝಾಗೆ ಬೇರೆಯಾಗಿ 86 ಲಕ್ಷ ಡಾಲರ್ ಪರಿಹಾರದ ಆದೇಶ ಬಂತು. ನನಗೆ ಆ ಜೈಲಿಲ್ಲದ ಶಿಕ್ಷೆ ಸರಿ ಅಂತಲೇ ಅನ್ನಿಸುತ್ತೆ. ಆದರೆ ಅವರನ್ನು ಹಿಡಿದದ್ದರಿಂದ ಏನೂ ಮುಗಿಯಲಿಲ್ಲ ಅನ್ನೋದೂ ಅಷ್ಟೇ ಸತ್ಯ. ಕೋಡ್ ಊರೆಲ್ಲ ಹರಡಿತ್ತು.

ದುರುಪಯೋಗ ಆಟದ ಸರ್ವರಿಗೆ ನಿಲ್ಲೋದಿಲ್ಲ. ಬಾಟ್‌ನೆಟ್ ಬಾಡಿಗೆಗೆ ಸಿಗುತ್ತದೆ, ಶಾಮಿಯಾನದ ಹಾಗೆ. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಒಂದು ಮೊಬೈಲ್ ಕಂಪನಿಯನ್ನು ಹಾಳು ಮಾಡೋಕೆ ಪೈಪೋಟಿ ಕಂಪನಿಯ ಕಡೆಯವರೊಬ್ಬರು ಡೇನಿಯಲ್ ಕೇ ಅನ್ನೋ ಬ್ರಿಟಿಷ್ ಹ್ಯಾಕರನಿಗೆ ದುಡ್ಡು ಕೊಟ್ಟಿದ್ದರು. ಅವನು ಮಿರಾಯ್‌ನಿಂದ ಹೊಡೆದ. ಮೇಲೆ ಹೇಳಿದೆನಲ್ಲ, ಜರ್ಮನಿಯ 9 ಲಕ್ಷ ರೌಟರ್, ಅದೂ ಇವನದೇ ಕೆಲಸ. ತನ್ನ ಸೈನ್ಯಕ್ಕೆ ಹೊಸ ರೌಟರ್‌ಗಳನ್ನು ಸೇರಿಸಿಕೊಳ್ಳೋಕೆ ಹೋಗಿ ಆದ ಎಡವಟ್ಟು. 2019ರ ಜನವರಿಯಲ್ಲಿ ಅವನಿಗೆ ಬ್ರಿಟನ್ನಿನಲ್ಲಿ 32 ತಿಂಗಳ ಸಜೆ ಆಯ್ತು.

ಇನ್ನೊಂದು ವ್ಯಾಪಾರ ಇನ್ನೂ ನಾಜೂಕಿನದು. ದಾಳಿ ಮಾಡೋದೇ ಇಲ್ಲ, ನಿಮ್ಮ ವಿಳಾಸವನ್ನು ಬಾಡಿಗೆಗೆ ಕೊಡೋದು. ಕಳ್ಳ ಎಲ್ಲೋ ಕೂತು ಬ್ಯಾಂಕ್ ವಂಚನೆ ಮಾಡ್ತಾನೆ. ಲೆಕ್ಕಕ್ಕೆ ಮಾತ್ರ ಅದು ನಿಮ್ಮ ಮನೆಯಿಂದ ಆದ ಹಾಗೆ ಕಾಣುತ್ತದೆ. 911 ಎಸ್5 ಅನ್ನೋ ಇಂಥ ಜಾಲವನ್ನು 2024ರ ಮೇ ತಿಂಗಳಲ್ಲಿ ಅಮೆರಿಕ ಮತ್ತು ಇತರ ದೇಶಗಳ ಪೊಲೀಸರು ಸೇರಿ ಮುರಿದರು. ಬಿಟ್ಟಿ ವಿಪಿಎನ್ ಅಂತ ಹಾಕಿಕೊಂಡ ವಿಂಡೋಸ್ ಗಣಕಗಳೇ ಅದರ ಕಾಲಾಳು. ಸುಮಾರು 200 ದೇಶಗಳ 1 ಕೋಟಿ 90 ಲಕ್ಷ ಐಪಿ ವಿಳಾಸಗಳು ಅದರಲ್ಲಿದ್ದವು! 2025ರ ಜೂನಿನಲ್ಲಿ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಬಗ್ಗೆ ಎಚ್ಚರಿಸಿತು. ಅಗ್ಗದ ಆಂಡ್ರಾಯ್ಡ್ ಟಿವಿ ಡಬ್ಬಿಗಳು ಕೆಲವು ಕಾರ್ಖಾನೆಯಿಂದ ಬರುವಾಗಲೇ ಕಳ್ಳನನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರ್ತವೆ. ಪೊಲೀಸರು ವಿಳಾಸ ಹುಡುಕಿಕೊಂಡು ಬಂದರೆ ಬಾಗಿಲು ತೆರೆಯೋದು ಕಳ್ಳನಲ್ಲ, ನಮ್ಮ ಅಪ್ಪ.

ಇನ್ನು ಗಾತ್ರ. 2016ರ 620 ಗಿಗಾಬಿಟ್ಟಿಗೆ ಎಲ್ಲರೂ ಹೌಹಾರಿದ್ದರು. 2025ರ ಅಕ್ಟೋಬರಿನಲ್ಲಿ ಐಸುರು ಅನ್ನೋ ಬಾಟ್‌ನೆಟ್ ಮೈಕ್ರೋಸಾಫ್ಟ್‌ನ ಅಝೂರ್ ಮೇಲೆ ಸೆಕೆಂಡಿಗೆ 15.72 ಟೆರಾಬಿಟ್ ಸುರಿಯಿತು. ಇಪ್ಪತ್ತೈದು ಪಟ್ಟು ಅನ್ನಿ. ಅದೂ ಮನೆ ರೌಟರ್, ಕ್ಯಾಮೆರಾಗಳ ಸೈನ್ಯವೇ. ನಮ್ಮ ಮನೆಗಳಿಗೆ ಫೈಬರ್ ಬಂತು, ವೇಗ ಹೆಚ್ಚಾಯ್ತು. ಕಳ್ಳನ ಕೈಯಲ್ಲಿದ್ದ ಕೋಲೂ ದಪ್ಪ ಆಯ್ತು.

ನಮ್ಮ ರಾಜ್ಯಕ್ಕೂ ಇದರ ಬಿಸಿ ತಟ್ಟಿದೆ. 2017ರ ಜುಲೈ ಕೊನೆಯಲ್ಲಿ ಕರ್ನಾಟಕ ವಲಯದ ಸುಮಾರು 60,000 ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕೆಟ್ಟು ಕೂತಿದ್ದು ಕೆಲವರಿಗೆ ನೆನಪಿರಬಹುದು. ಅವೆಲ್ಲ ಅಡ್ಮಿನ್-ಅಡ್ಮಿನ್ ಅನ್ನೋ ಪಾಸ್‌ವರ್ಡಿನಲ್ಲೇ ಇದ್ದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಗ್ರಾಹಕರಿಗೆ ಸೂಚನೆ ಹೋಯ್ತು. ಅದೇ ವರ್ಷ ಬ್ರಿಕರ್‌ಬಾಟ್ ಅನ್ನೋದೊಂದು ಸುದ್ದಿಯಲ್ಲಿತ್ತು. ಅದನ್ನು ಬರೆದವನ ವಾದವೇ ವಿಚಿತ್ರ. ಕಳ್ಳರ ಕೈಗೆ ಸಿಗೋ ಸಾಧನಗಳನ್ನು ತಾನೇ ಮೊದಲು ಹೊಕ್ಕು ಇಟ್ಟಿಗೆ ಮಾಡಿಬಿಡ್ತೀನಿ, ಅಂತರ್ಜಾಲ ಉಳಿಯುತ್ತೆ ಅಂತ! ಬಿಎಸ್ಸೆನ್ನೆಲ್ ಮೋಡೆಮ್‌ಗಳನ್ನು ಕೆಡಿಸಿದ್ದೂ ತಾನೇ ಅಂದುಕೊಂಡ. ಕಾಲೇಜಿನಲ್ಲಿ ಇದರ ಬಗ್ಗೆ ನಮಗೆ ಜೋರು ಚರ್ಚೆ ಆಗಿತ್ತು. ಆಗ ನಾನು ಅವನ ಪಕ್ಷ. ಈಗ ಅಲ್ಲ. ಮೊಮ್ಮಗಳ ಮುಖ ನೋಡೋಕೆ ಕೂತ ಮುದುಕನ ಮೋಡೆಮ್ ಸುಟ್ಟು ಅಂತರ್ಜಾಲ ಉಳಿಸ್ತೀನಿ ಅನ್ನೋದು, ಕಳ್ಳ ಹೊಗಬಾರದು ಅಂತ ಮನೆಗೆ ಬೆಂಕಿ ಇಟ್ಟ ಹಾಗೆ. ದುಬಾರಿ ಯಂತ್ರ ಕೊಂಡವನಿಗೆ ಹೊಸದು ಬರುತ್ತೆ. ನಷ್ಟ ಆಗೋದು ಹಳೇ ಮೋಡೆಮ್ ನಂಬಿಕೊಂಡವನಿಗೇ.

ಈಗ ಅಸಲಿ ಪ್ರಶ್ನೆ. ತಪ್ಪು ಯಾರದು?

ನಮ್ಮ ಕ್ಷೇತ್ರದವರು ಥಟ್ಟನೆ ಕೊಡೋ ಉತ್ತರ: ಬಳಕೆದಾರನದು. ಪಾಸ್‌ವರ್ಡ್ ಬದಲಿಸಬೇಕಿತ್ತು, ಅಪ್‌ಡೇಟ್ ಹಾಕಬೇಕಿತ್ತು, ಜನಕ್ಕೆ ಅರಿವು ಮೂಡಿಸಬೇಕು ಇತ್ಯಾದಿ ಇತ್ಯಾದಿ. ನಾನು ಇದನ್ನು ಒಪ್ಪೋದಿಲ್ಲ. 2016ರಲ್ಲಿ ಮಿರಾಯ್‌ಗೆ ಸಿಕ್ಕ ಕ್ಯಾಮೆರಾ, ಡಿವಿಆರ್‌ಗಳಲ್ಲಿ ಎಷ್ಟೋ ಒಂದು ಚೀನೀ ತಯಾರಕರ ಬಿಡಿಭಾಗದಿಂದ ಮಾಡಿದವು. ಅವುಗಳಲ್ಲಿ ನಮಗೆ ಕಾಣುವ ಪುಟದಲ್ಲಿ ಪಾಸ್‌ವರ್ಡ್ ಬದಲಿಸಿದರೂ ಟೆಲ್ನೆಟ್‌ನ ಪಾಸ್‌ವರ್ಡ್ ಬೇರೆಯೇ ಇತ್ತು. ಅದು ಫರ್ಮ್‌ವೇರಿನಲ್ಲಿ ಕೆತ್ತಿದ್ದು, ಬದಲಿಸೋ ಜಾಗವೇ ಇರಲಿಲ್ಲ. ಅಂಥ ಬಾಗಿಲೊಂದು ಇದೆ ಅಂತ ಕೊಂಡವರಿಗೆ ಯಾರೂ ಹೇಳಿರಲಿಲ್ಲ. ದಾಳಿ ಆದ ಮೇಲೆ ಅಮೆರಿಕದಲ್ಲಿ ಮಾರಿದ ಕೆಲವು ಮಾದರಿಗಳನ್ನು ವಾಪಸ್ ಕರೆದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಗೊತ್ತೇ ಇಲ್ಲದ ಬಾಗಿಲಿಗೆ ಬೀಗ ಯಾಕೆ ಹಾಕಲಿಲ್ಲ ಅಂತ ಅಪ್ಪನನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಹಾಗಾದರೆ ಕ್ಯಾಮೆರಾ ಹಾಕಿದ ಹುಡುಗನದ್ದಾ? ಅವನನ್ನೂ ಕೇಳಿದೆ. "ಅಣ್ಣಾ, ನಾನು ಹಾಕಿದ ಎಲ್ಲಾ ಮನೆಗೂ ಒಂದೇ ಪಾಸ್‌ವರ್ಡು. ನಡುರಾತ್ರಿ ಕ್ಯಾಮೆರಾ ಕೆಟ್ತು ಅಂತ ಫೋನ್ ಬರ್ತದೆ. ಮನೆಯವ್ರಿಗೆ ಪಾಸ್‌ವರ್ಡ್ ನೆನಪಿರಲ್ಲ. ನಾನು ಬೇರೆ ಬೇರೆ ಇಟ್ರೆ ನನಗೂ ನೆನಪಿರಲ್ಲ" ಅಂದ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಅಂತಾರಲ್ಲ, ಇವನನ್ನು ಹಿಡಿದರೆ ಹಾಗೇ ಆಗುತ್ತೆ.

ಹಣ್ಣು ತಿಂದವರು ನಾವು. ಹೌದು, ನಾವು ಅಂತಲೇ ಬರೆದೆ. ಇಲ್ಲಿಯವರೆಗೆ ಹೇಳದ ಒಂದು ವಿಷಯ ಇದೆ. ನನ್ನ ಮೊದಲ ಕೆಲಸ ಮನೆ ರೌಟರ್‌ಗಳ ಫರ್ಮ್‌ವೇರ್ ಬರೆಯೋದು. ಸೇರಿ ಆರು ತಿಂಗಳಿಗೆ ನನ್ನ ಕಣ್ಣಿಗೆ ಬಿತ್ತು: ನಾವು ಮಾರೋ ಒಂದು ಮಾದರಿಯಲ್ಲಿ ಟೆಲ್ನೆಟ್ ತೆರೆದೇ ಇದೆ, ಎಲ್ಲ ಪೆಟ್ಟಿಗೆಗೂ ಒಂದೇ ಸರ್ವಿಸ್ ಪಾಸ್‌ವರ್ಡ್. ಟಿಕೆಟ್ ಹಾಕಿದೆ. "ಫೀಲ್ಡ್‌ನವರಿಗೆ ರಿಪೇರಿಗೆ ಬೇಕಾಗುತ್ತೆ, ಮುಂದಿನ ರಿಲೀಸಿನಲ್ಲಿ ನೋಡೋಣ" ಅಂದರು. ಮುಂದಿನ ರಿಲೀಸು ಬಂತು, ಅದರ ಮುಂದಿನದೂ ಬಂತು. ಒಂದು ದಿನ ಹಳೇ ಟಿಕೆಟ್‌ಗಳನ್ನು ಖಾಲಿ ಮಾಡಿ ಅಂತ ಫರ್ಮಾನು ಬಂದಾಗ "ಸರಿಪಡಿಸುವುದಿಲ್ಲ" ಅಂತ ಗುರುತು ಹಾಕಿ ಅದನ್ನು ಮುಚ್ಚಿದವನು ನಾನೇ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಆ ಶುಕ್ರವಾರ ಊರಿಗೆ ಬಸ್ಸಿತ್ತು, ಬೇಗ ಹೊರಡಬೇಕಿತ್ತು.

ಮಿರಾಯ್ ಬಂದು ಹೋಗಿ ಆಗಲೇ ಮೂರ್ನಾಲ್ಕು ವರ್ಷ ಆಗಿತ್ತು ಅನ್ನೋದು ನೆನಪಿರಲಿ. ಗೊತ್ತಿಲ್ಲದೆ ಮಾಡಿದೆ ಅನ್ನೋ ಹಾಗೂ ಇಲ್ಲ.

"ಒಂದೊಂದಕ್ಕೆ ಒಂದೊಂದು ಪಾಸ್‌ವರ್ಡ್ ಇಟ್ಟರೆ ಬೆಲೆ ಜಾಸ್ತಿ ಆಗುತ್ತೆ, ನಮ್ಮ ಜನ ಅಗ್ಗದ್ದೇ ಕೇಳ್ತಾರೆ" ಅನ್ನೋ ವಾದ ನೀವೂ ಕೇಳಿರಬಹುದು. ಒಳಗಿದ್ದು ನೋಡಿದವನಾಗಿ ಹೇಳ್ತೀನಿ, ಇದು ನೆಪ. ಪ್ರತಿ ರೌಟರಿಗೂ ಕಾರ್ಖಾನೆಯಲ್ಲೇ ಬೇರೆ ಬೇರೆ ಮ್ಯಾಕ್ ವಿಳಾಸ, ಬೇರೆ ಬೇರೆ ಸೀರಿಯಲ್ ನಂಬರ್ ಬರೀತಾರೆ. ಹಿಂದೆ ಅಂಟಿಸೋ ಚೀಟಿಯೂ ಪ್ರತಿಯೊಂದಕ್ಕೂ ಬೇರೆಯೇ ಅಚ್ಚಾಗುತ್ತೆ. ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ, ಅದೇ ಚೀಟಿಯ ಮೇಲೆ ಇನ್ನೊಂದು ಸಾಲು ಬರೆಯೋಕೆ ಎಷ್ಟು ಖರ್ಚು? ದುಡ್ಡಿಗಿಂತ ಹೆಚ್ಚಾಗಿ ಇಲ್ಲದೇ ಇದ್ದದ್ದು ಒತ್ತಾಯ. ದಾಳಿ ಆದಾಗ ನಷ್ಟ ಕ್ರೆಬ್ಸ್‌ಗೆ, ಡೈನ್‌ಗೆ. ನೆಟ್ಟು ನಿಧಾನ ಆಗೋದು ಅಪ್ಪನಿಗೆ. ತಯಾರಕರಿಗೆ ಒಂದು ಪೈಸೆ ನಷ್ಟ ಇಲ್ಲ. ಹೀಗಿರುವಾಗ ಟಿಕೆಟ್ ಮುಚ್ಚದೆ ಇನ್ನೇನು ಮಾಡ್ತಾರೆ?

ಅದಕ್ಕೇ ನನ್ನ ನಿಲುವು ಸ್ಪಷ್ಟ: ಇದು ಅರಿವು ಮೂಡಿಸಿ ಬಗೆಹರಿಯೋ ವಿಷಯ ಅಲ್ಲ, ಕಾನೂನಿನಿಂದ ಆಗಬೇಕಾದದ್ದು. ಗ್ಯಾಸ್ ರೆಗ್ಯುಲೇಟರ್ ಸೋರಿದರೆ "ಗೃಹಿಣಿಯರಲ್ಲಿ ಅರಿವಿನ ಕೊರತೆ" ಅಂತ ಯಾರೂ ಹೇಳೋದಿಲ್ಲ, ಐಎಸ್ಐ ಗುರುತು ಎಲ್ಲಿ ಅಂತ ಕೇಳ್ತಾರೆ. ಕ್ಯಾಲಿಫೋರ್ನಿಯಾ 2020ರ ಜನವರಿಯಿಂದ ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಇಡೋದನ್ನು ತಡೆಯಿತು. ಬ್ರಿಟನ್ 2024ರ ಏಪ್ರಿಲ್ 29ರಿಂದ ಅದನ್ನೇ ಮಾಡಿತು. ಜೊತೆಗೆ ಎಷ್ಟು ಕಾಲ ಅಪ್‌ಡೇಟ್ ಕೊಡ್ತೀರಿ ಅಂತ ಮಾರುವಾಗಲೇ ಹೇಳಬೇಕು ಅಂದಿತು. ನಮ್ಮ ಕೇಂದ್ರ ಸರ್ಕಾರವೂ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಅಂತ 2024ರಲ್ಲಿ ನಿಯಮ ತಂದು, 2025ರ ಏಪ್ರಿಲಿನಿಂದ ಜಾರಿ ಮಾಡಿದೆ. ಒಳ್ಳೇ ಕೆಲಸ, ಮನಸಾರೆ ಸ್ವಾಗತ.

ಆದರೆ ಆ ನಿಯಮ ಅಂಗಡಿಯಲ್ಲಿರೋ ಹೊಸ ಡಬ್ಬಿಗೆ. ಈಗಾಗಲೇ ಗೋಡೆ ಹತ್ತಿರುವ ಡಬ್ಬಿಗಳದ್ದು? ಇಲ್ಲಿ ಅಂತರ್ಜಾಲ ಸಂಪರ್ಕ ಕೊಡೋ ಕಂಪನಿಗಳ ಪಾಲೂ ಇದೆ. ಒಂದು ಮನೆಯ ಡಬ್ಬಿ ದಿನವಿಡೀ ಸಾವಿರಾರು ಅಪರಿಚಿತ ವಿಳಾಸಗಳ 23ನೇ ಪೋರ್ಟ್ ಬಡಿಯುತ್ತಿದ್ದರೆ ಅದು ಅವರಿಗೆ ಕಾಣೋದಿಲ್ಲವೇ? ಡೇಟಾ ಮುಗಿಯಿತು, ದೊಡ್ಡ ಪ್ಲಾನ್ ತಗೊಳ್ಳಿ ಅಂತ ಅಪ್ಪನಿಗೆ ಮೂರು ಸಲ ಸಂದೇಶ ಬಂದಿದೆ. "ನಿಮ್ಮ ಮನೆಯಲ್ಲಿ ಏನೋ ಸರಿ ಇಲ್ಲ" ಅಂತ ಒಂದೂ ಬಂದಿಲ್ಲ. 2017ರ ಫೆಬ್ರವರಿಯಲ್ಲಿ ಸರ್ಕಾರ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಶುರು ಮಾಡಿದ್ದೇ ಸೋಂಕಿತ ಸಾಧನಗಳನ್ನು ಪತ್ತೆಹಚ್ಚಿ, ಈ ಕಂಪನಿಗಳ ಮೂಲಕ ಜನಕ್ಕೆ ತಿಳಿಸೋಕೆ. ಆ ಸಂದೇಶ ಕನ್ನಡದಲ್ಲಿ, ನಮ್ಮ ಅಪ್ಪನಿಗೆ ಅರ್ಥ ಆಗೋ ಹಾಗೆ ಮೊಬೈಲಿಗೆ ಬರೋದನ್ನು ಕಡ್ಡಾಯ ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಅಲ್ಲಿಯವರೆಗೆ ನಮ್ಮ ಕೈಲಾಗೋದು ಇಷ್ಟು. ಮನೆಯ ರೌಟರ್, ಕ್ಯಾಮೆರಾಗಳನ್ನು ಒಮ್ಮೆ ನೆಟ್ಟಿನಿಂದ ಬಿಡಿಸಿ, ಆಫ್ ಮಾಡಿ ಆನ್ ಮಾಡಿ. ಮತ್ತೆ ನೆಟ್ಟಿಗೆ ಸೇರಿಸುವ ಮೊದಲು ಪಾಸ್‌ವರ್ಡ್ ಬದಲಿಸಿ. ಮೊದಲು ಸೇರಿಸಿ ಆಮೇಲೆ ಬದಲಿಸೋದಲ್ಲ, ಕ್ರಮ ಮುಖ್ಯ. ತಯಾರಕರ ಅಪ್‌ಡೇಟ್ ಇದ್ದರೆ ಹಾಕಿ. ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಯುಪಿಎನ್‌ಪಿ ಅನ್ನೋದನ್ನು ಮುಚ್ಚಿ. ಅಪ್‌ಡೇಟೇ ಬರದ ಹಳೇ ಡಬ್ಬಿಯಾದರೆ ಅದಕ್ಕೆ ಅಂತರ್ಜಾಲ ಕೊಡಲೇಬೇಡಿ. ಕ್ಯಾಮೆರಾ ರೆಕಾರ್ಡ್ ಮಾಡೋಕೆ ಅಂತರ್ಜಾಲ ಬೇಕಿಲ್ಲ. ನಮ್ಮ ಮನೆಯಲ್ಲಿ ನಾನು ಮಾಡಿದ್ದು ಇದನ್ನೇ. ಈಗ ಅಪ್ಪ ಟಿವಿಯಲ್ಲಿ ಅಂಗಳ ನೋಡ್ತಾರೆ. ನನಗೆ ಬೆಂಗಳೂರಿನಿಂದ ನೋಡೋಕಾಗಲ್ಲ, ಫೋನ್ ಮಾಡಿ ಕೇಳ್ತೀನಿ.

ಅಪ್ಪ ಎಲ್ಲ ಕೇಳಿಸಿಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು. "ಅಂದ್ರೆ ಎರಡು ವರ್ಷ ನಮ್ಮ ಮನೆಯಿಂದ ಯಾರ್ಯಾರಿಗೋ ತೊಂದ್ರೆ ಆಯ್ತು. ಆ ಡಬ್ಬಿ ಮಾಡಿದವರಿಗೆ ಬಾಗಿಲು ತೆಗೆದೇ ಇದೆ ಅಂತ ಗೊತ್ತಿರಲಿಲ್ವಾ?" ಗೊತ್ತಿತ್ತು ಅಪ್ಪ, ಅಂದೆ. ನನ್ನ ಟಿಕೆಟ್ ವಿಷಯವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಆ ಹುಡುಗ ಬೆಳಿಗ್ಗೆಯೇ ಬೈಕು ತಂದ. ಮೇಷ್ಟ್ರು ಹೇಳಿ ಕಳಿಸಿದ್ರಂತೆ. ಅವನ ಪುಸ್ತಕದಲ್ಲಿ 43 ಮನೆ ಇದ್ದವು. ಇದ್ದ ಎರಡು ದಿನದಲ್ಲಿ ಇಬ್ಬರೂ ಸೇರಿ 11 ಮನೆ ಮುಗಿಸಿದೆವು. ಅದರಲ್ಲಿ 4 ಡಬ್ಬಿಗಳಲ್ಲಿ ಅದೇ ಬಡಿತ. ಉಳಿದದ್ದನ್ನು ಅವನು ವಾರಕ್ಕೆ ಎರಡೋ ಮೂರೋ ಮಾಡ್ತಿದ್ದಾನೆ. ಯಾರೂ ಅವನಿಗೆ ದುಡ್ಡು ಕೊಡೋದಿಲ್ಲ, ಕೆಟ್ಟಿಲ್ಲದ್ದಕ್ಕೆ ಯಾಕೆ ಕೊಡಬೇಕು ಅಂತಾರಂತೆ. ಅದೂ ಸರಿಯೇ.

ಹಳೇ ಕಂಪನಿಯ ಟೀಮ್ ಲೀಡಿಗೆ ನಾನು ಮಿಂಚಂಚೆ ಬರೆದಿದ್ದೇನೆ, ಟಿಕೆಟ್ ನಂಬರಿನ ಸಮೇತ. ಆ ಮಾದರಿ ಈಗಲೂ ಎಷ್ಟೋ ಮನೆಗಳಲ್ಲಿ ಓಡ್ತಿರಬೇಕು. ಇನ್ನೂ ಉತ್ತರ ಬಂದಿಲ್ಲ. ಬಂದರೆ ಹೇಳ್ತೀನಿ.

ಅಂದ ಹಾಗೆ, ನಿಮ್ಮ ಮನೆ ರೌಟರಿನ ಪಾಸ್‌ವರ್ಡ್ ಏನು? (ನನಗೆ ಹೇಳಬೇಡಿ ಮತ್ತೆ! ಬದಲಿಸಿ ಸಾಕು.)